ಪಿ.ಟಿ. ಮೇಷ್ಟ್ರಿಗೆ ಲ್ಯಾಬ್ ಯಾಕೆ ಎಂದವರಿಗೆ

ದೈಹಿಕ ಶಿಕ್ಷಣ ವಿಭಾಗಕ್ಕೆ ಸ್ವಂತ ಮೈದಾನ, ಒಂದು ಒಳಾಂಗಣ, ನೆಟ್ಟಗಿರುವ ತರಗತಿ ಕೋಣೆಗಳು, ಒಂದು ಪ್ರಯೋಗಾಲಯ ಬೇಕೆಂದು ಕೇಳಿದಾಗಲೆಲ್ಲ ವಿಶ್ವವಿದ್ಯಾಲಯಗಳಲ್ಲಿ ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ. ಕ್ಯಾಂಪಸ್ಸಿನಲ್ಲಿ ಇಷ್ಟೊಂದು ಜಾಗ ಬಿದ್ದಿದೆಯಲ್ಲ, ಇನ್ನೇನು ಬೇಕು? ಇರುವವರೇ ಐವತ್ತು ಮಂದಿ, ಅವರಿಗೋಸ್ಕರ ಇಷ್ಟು ಖರ್ಚೇ? ಪದಕ ಎಲ್ಲಿ? ಪಿ.ಟಿ. ಮೇಷ್ಟ್ರಿಗೆ ಲ್ಯಾಬ್ ಯಾಕೆ? ಬಿ.ಪಿ.ಇಡಿ. ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ ಬಂದಿರುವ ನಾನು ಈ ಮಾತುಗಳನ್ನು ಸಭೆಯಲ್ಲಿ ಕೇಳಿದ್ದೇನೆ, ಕಡತದ ಷರಾದಲ್ಲಿ ಓದಿದ್ದೇನೆ. ಹೇಳುವವರಲ್ಲಿ ಹಲವರು ನನ್ನ ಸ್ನೇಹಿತರು, ಪ್ರಾಮಾಣಿಕರು. ಆದ್ದರಿಂದಲೇ ಇವಕ್ಕೆ ಒಂದೊಂದಾಗಿ ಉತ್ತರ ಕೊಡಬೇಕು ಅನ್ನಿಸಿದೆ.

ಜಾಗ ಇರುವುದು ನಿಜ. ಆದರೆ ಆ ಜಾಗ ಯಾರದು, ಯಾವ ಹೊತ್ತಿನಲ್ಲಿ ಯಾರ ಕೈಗೆ ಸಿಗುತ್ತದೆ ಎಂಬುದನ್ನೂ ನೋಡಬೇಕು. ನಾವು ಬಳಸುವ ಮೈದಾನವೇ ಘಟಿಕೋತ್ಸವದ ಶಾಮಿಯಾನಕ್ಕೂ, ಮೇಳದ ಮಳಿಗೆಗಳಿಗೂ, ಗಣ್ಯರು ಬಂದಾಗ ವಾಹನ ನಿಲ್ಲಿಸುವುದಕ್ಕೂ ಹೋಗುತ್ತದೆ. ಶಾಮಿಯಾನ ಬಿಚ್ಚಿದ ಮೇಲೆ ಗೂಟ ಹೊಡೆದ ಗುಳಿಗಳು ಹಾಗೇ ಉಳಿಯುತ್ತವೆ. ಕಬಡ್ಡಿ ಅಂಕಣ ಹಾಕುವ ಮೊದಲು ವಿದ್ಯಾರ್ಥಿಗಳು ಸಾಲಾಗಿ ನಿಂತು, ಬಗ್ಗಿ, ಮೊಳೆ, ತಂತಿ, ಗಾಜಿನ ಚೂರು ಆರಿಸಿ ಬಕೆಟ್ಟಿಗೆ ಹಾಕುತ್ತಾರೆ. ಅಷ್ಟು ಆರಿಸಿದರೂ ಅಂಗೈ ಸೀಳಿಸಿಕೊಂಡವರನ್ನು ಕಂಡಿದ್ದೇನೆ. ಗುಳಿಗೆ ಮಣ್ಣು ತುಂಬಿ, ನೀರು ಹೊಡೆದು, ರೋಲರ್ ಎಳೆದು ನೆಲ ಹದಕ್ಕೆ ಬರುವಷ್ಟರಲ್ಲಿ ಸೆಮಿಸ್ಟರಿನ ಎಷ್ಟೋ ಪ್ರಾಯೋಗಿಕ ತರಗತಿಗಳು ಹೋಗಿರುತ್ತವೆ. ರಸಾಯನಶಾಸ್ತ್ರ ವಿಭಾಗದ ಪ್ರಯೋಗಾಲಯವನ್ನು ಮದುವೆ ಅಡುಗೆಗೆ ಬಿಟ್ಟುಕೊಡಿ ಎಂದು ಯಾರೂ ಕೇಳುವುದಿಲ್ಲ. ನಮ್ಮ ತರಗತಿಯನ್ನು ಮಾತ್ರ ಕೇಳದೆಯೇ ತೆಗೆದುಕೊಳ್ಳುತ್ತಾರೆ.

‘ಹೊಂದಿಕೊಂಡು ಬಳಸಿ’ ಎಂಬ ಸಲಹೆಯೂ ಇದೆ. ಹೊಂದಿಕೊಳ್ಳಲು ಆಗದ ಆಟಗಳಿವೆ. ಒಂದು ಕಡೆ ಕ್ರಿಕೆಟ್ ಅಭ್ಯಾಸ, ಇನ್ನೊಂದು ಕಡೆ ವಾಯುವಿಹಾರಿಗಳು, ನಡುವೆ ಚಕ್ರ ಎಸೆತದ ಪಾಠ ಮಾಡಲು ಹೇಗೆ ಸಾಧ್ಯ? ಪುರುಷರ ಚಕ್ರ ಎರಡು ಕಿಲೊ ತೂಗುತ್ತದೆ. ಕಲಿಯುವವನ ಕೈಯಿಂದ ಅದು ಯಾವ ದಿಕ್ಕಿಗೆ ಜಾರುತ್ತದೆಂದು ಕಲಿಸುವವನಿಗೂ ಗೊತ್ತಿರುವುದಿಲ್ಲ. ಸ್ಪರ್ಧೆಗಳಲ್ಲಿ ಬಲೆಯ ಪಂಜರದೊಳಗಿಂದಲೇ ಅದನ್ನು ಎಸೆಯಬೇಕೆಂಬ ನಿಯಮ ಇರುವುದು ಅದಕ್ಕೇ. ಪಂಜರವೂ ಇಲ್ಲದೆ, ಮೈದಾನವೂ ನಮ್ಮದಲ್ಲದೆ ಇರುವಾಗ ಅಧ್ಯಾಪಕರು ಮಾಡುವುದೇನು? ಚಕ್ರ ಎಸೆತವನ್ನು ಕಪ್ಪುಹಲಗೆಯ ಮೇಲೆ ಕಲಿಸಿ ಮುಗಿಸುತ್ತಾರೆ. ಹಂಚಿಕೊಂಡು ಬಳಸುವುದರ ಕಷ್ಟ ದೊಡ್ಡ ಕ್ರೀಡಾಂಗಣಗಳಿಗೂ ತಪ್ಪಿಲ್ಲ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫುಟ್‌ಬಾಲಿಗೂ ಅಥ್ಲೆಟಿಕ್ಸಿಗೂ ನಡುವಿನ ಜಗ್ಗಾಟ ಹೈಕೋರ್ಟ್ ಮೆಟ್ಟಿಲು ಹತ್ತಿದ್ದನ್ನು ನಾಡೆಲ್ಲ ನೋಡಿದೆ.

ಇಲ್ಲಿಯೇ ಇನ್ನೊಂದು ವಿಷಯ ಹೇಳಬೇಕು. ನಮ್ಮ ವಿದ್ಯಾರ್ಥಿ ಮೈದಾನದಲ್ಲಿ ಆಡಲು ಕಲಿತರೆ ಸಾಲದು, ಮೈದಾನವನ್ನು ಹಾಕಲೂ ಕಲಿಯಬೇಕು. 400 ಮೀಟರ್ ಟ್ರ್ಯಾಕಿನ ತಿರುವಿನ ತ್ರಿಜ್ಯ 36.50 ಮೀಟರ್, ನೇರ ಭಾಗ 84.39 ಮೀಟರ್, ಲೇನಿನ ಅಗಲ 1.22 ಮೀಟರ್. ಈ ಅಂಕಿಗಳನ್ನು ಪರೀಕ್ಷೆಯಲ್ಲಿ ಬರೆಯುವುದು ಸುಲಭ. ನೆಲದ ಮೇಲೆ ಹಗ್ಗ ಹಿಡಿದು, 3-4-5ರ ತ್ರಿಕೋನದಿಂದ ಮೂಲೆ ಮಟ್ಟ ನೋಡಿ, ಗೂಟ ನೆಟ್ಟು, ಸುಣ್ಣದ ಗೆರೆ ಎಳೆಯಲು ಹೊರಟಾಗಲೇ ಕಷ್ಟ ಗೊತ್ತಾಗುವುದು. ಒಂದು ಸುತ್ತಿನ ಓಟಕ್ಕೆ ಎರಡನೇ ಲೇನಿನವನನ್ನು ಎಷ್ಟು ಮುಂದೆ ನಿಲ್ಲಿಸಬೇಕು? ಒಳ ಅಂಚಿಗೆ ಕಟ್ಟೆ ಇದ್ದರೆ 7.04 ಮೀಟರ್, ಬರೀ ಗೆರೆ ಇದ್ದರೆ 7.67. ಅಲ್ಲಿಂದಾಚೆಗೆ ಪ್ರತಿ ಲೇನಿಗೂ 7.67. ಎಂಟನೇ ಲೇನಿಗೆ ಬರುವ ಹೊತ್ತಿಗೆ ಅಂತರ 53 ಮೀಟರ್ ದಾಟುತ್ತದೆ. ಹಳ್ಳಿ ಶಾಲೆಯ 200 ಮೀಟರ್ ಟ್ರ್ಯಾಕಿನಲ್ಲೂ ಒಂದು ಸುತ್ತಿಗೆ ಇದೇ ಅಳತೆ. ಏಕೆಂದರೆ ಇದು ಲೇನಿನ ಅಗಲದ ಲೆಕ್ಕ, ಟ್ರ್ಯಾಕಿನ ಗಾತ್ರದ್ದಲ್ಲ. ಇದನ್ನು ನೆಲದ ಮೇಲೆ ಮಾಡಿ ಕಲಿಯದ ಶಿಕ್ಷಕ ಹೋಬಳಿ ಕ್ರೀಡಾಕೂಟದಲ್ಲಿ ಗೆರೆ ಹಾಕಿದರೆ ಹೊರಗಿನ ಲೇನಿನ ಮಗು ಒಂದೆರಡು ಮೀಟರ್ ಹೆಚ್ಚು ಓಡಿ ಸೋಲುತ್ತದೆ. ತಾನು ಯಾಕೆ ಸೋತೆ ಎಂಬುದು ಆ ಮಗುವಿಗೆ ಎಂದಿಗೂ ತಿಳಿಯುವುದಿಲ್ಲ. ಈ ಅಭ್ಯಾಸಕ್ಕೆ ವರ್ಷವಿಡೀ ಗೆರೆ ಹಾಕಿ ಅಳಿಸಿ ಮತ್ತೆ ಹಾಕಬಹುದಾದ ಮಣ್ಣಿನ ನೆಲ ನಮ್ಮ ಸುಪರ್ದಿಯಲ್ಲೇ ಇರಬೇಕು.

ಇನ್ನು ಐವತ್ತೇ ಮಂದಿ ಎಂಬ ಆಕ್ಷೇಪ. ಎತ್ತರ ಜಿಗಿತದ ಒಂದು ತರಗತಿಯನ್ನೇ ನೋಡೋಣ. 1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ಡಿಕ್ ಫಾಸ್ಬರಿ ಬೆನ್ನು ಕೆಳಗೆ ಮಾಡಿ ಪಟ್ಟಿ ದಾಟಿ ಚಿನ್ನ ಗೆದ್ದ ಮೇಲೆ ಜಗತ್ತೆಲ್ಲ ಆ ಶೈಲಿಗೆ ಬದಲಾಯಿತು. ಬೆನ್ನ ಮೇಲೆ, ಕುತ್ತಿಗೆಯ ಹತ್ತಿರ ಬೀಳುವ ಜಿಗಿತ ಅದು. ದಪ್ಪನೆಯ ಫೋಮ್ ಮ್ಯಾಟ್ ಇಲ್ಲದೆ ಕಲಿಸಿದರೆ ಕುತ್ತಿಗೆಗೇ ಅಪಾಯ. ಮ್ಯಾಟ್ ಇಲ್ಲದ ಕಡೆ ಇವತ್ತಿಗೂ ಮರಳಿನ ಗುಂಡಿಗೆ ಕತ್ತರಿ ಜಿಗಿತ ಹಾಕಿಸಿ ಎತ್ತರ ಜಿಗಿತ ಕಲಿಸಿದ್ದೇವೆ ಎನ್ನುತ್ತಾರೆ. ಒಂದು ಮ್ಯಾಟ್ ಇದೆ ಎಂದೇ ಇಟ್ಟುಕೊಳ್ಳಿ. ಒಬ್ಬ ಓಡಿ ಬಂದು ಜಿಗಿದು, ತಪ್ಪು ತಿದ್ದಿಸಿಕೊಂಡು ಇಳಿಯಲು ಒಂದು ನಿಮಿಷ ಬೇಕು. ನಲವತ್ತೈದು ನಿಮಿಷದ ತರಗತಿಯಲ್ಲಿ ಐವತ್ತು ಮಂದಿಗೆ ತಲಾ ಒಂದು ಸರದಿಯೂ ಸಿಗುವುದಿಲ್ಲ. ಅದೂ ಜಿಗಿಯಲು ಮಾತ್ರ. ನಮ್ಮವರು ಜಿಗಿದು ಹೋಗಲು ಬಂದವರಲ್ಲ. ಇನ್ನೊಬ್ಬ ಜಿಗಿಯುವಾಗ ಎಲ್ಲಿ ನಿಂತು ನೋಡಬೇಕು, ಕೊನೆಯ ಹೆಜ್ಜೆ ಯಾಕೆ ಕೆಟ್ಟಿತು, ಅಂಜುವ ಮಗುವನ್ನು ಹೇಗೆ ಪಟ್ಟಿಯ ಹತ್ತಿರ ತರಬೇಕು ಎಂಬುದನ್ನು ಕಲಿಯಲು ಬಂದವರು. ಅದಕ್ಕೆ ಹತ್ತು ಹತ್ತು ಮಂದಿಯ ಐದು ಗುಂಪು ಬೇಕು, ಐದು ಕಡೆ ಒಂದೇ ಹೊತ್ತಿಗೆ ಪಾಠಾಭ್ಯಾಸ ನಡೆಯಬೇಕು. ಆಟಗಾರರಿಗೆ ಒಂದು ಒಳ್ಳೆಯ ಅಂಕಣ ಸಾಕಾಗಬಹುದು. ಶಿಕ್ಷಕರನ್ನು ತಯಾರು ಮಾಡುವಲ್ಲಿ ನಾಲ್ಕೈದು ಸಾಧಾರಣ ಅಂಕಣಗಳು ಬೇಕು. ಈ ವ್ಯತ್ಯಾಸ ತಿಳಿಯದೆ ಹಾಕಿದ ಯಾವ ಯೋಜನೆಯೂ ನಮಗೆ ಉಪಯೋಗಕ್ಕೆ ಬಂದಿಲ್ಲ.

ಆ ಐವತ್ತು ಮಂದಿಯಲ್ಲಿ ಒಬ್ಬೊಬ್ಬರೂ ಒಂದೊಂದು ಶಾಲೆಗೆ ಹೋಗಿ ನಿವೃತ್ತಿಯವರೆಗೆ ಮಕ್ಕಳ ಮುಂದೆ ನಿಲ್ಲುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆನ್ನುತ್ತದೆ. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕೆನ್ನುತ್ತದೆ. ಆ ಬೋಧಕರು ತಯಾರಾಗುವ ಜಾಗದಲ್ಲೇ ಮೈದಾನಕ್ಕೆ ದಿಕ್ಕಿಲ್ಲದಿದ್ದರೆ ಕಾಯ್ದೆ ಜಾರಿಯಾಗುವುದು ಹೇಗೆ?

ಪದಕದ ಪ್ರಶ್ನೆ ಕೇಳುವವರಿಗೆ ಉತ್ತರ ಚಿಕ್ಕದು. 2022ರಲ್ಲಿ ಬೆಂಗಳೂರು ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಆತಿಥ್ಯ ಕೊಟ್ಟಿತು, ನಮಗೆಲ್ಲ ಹೆಮ್ಮೆಯ ವಿಷಯ. ಅಲ್ಲಿ ಗೆಲ್ಲುವ ಹುಡುಗ ಹುಡುಗಿಯರು ಬಿ.ಎ., ಬಿ.ಕಾಂ., ಎಂಜಿನಿಯರಿಂಗ್ ಎಲ್ಲ ಕಡೆಯವರು. ಅವರಿಗೆ ಬೇಕಾದದ್ದನ್ನು ಕ್ರೀಡಾ ನಿರ್ದೇಶನಾಲಯ ಕೊಡಬೇಕು. ದೈಹಿಕ ಶಿಕ್ಷಣ ವಿಭಾಗವನ್ನು ಅಳೆಯಬೇಕಾದದ್ದು ಅದರಿಂದ ಹೊರಬಂದ ಶಿಕ್ಷಕರಿಂದ. ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಕಟ್ಟಿದ್ದು ಶಿಕ್ಷಕರನ್ನು ತರಬೇತುಗೊಳಿಸಲು. ಅದೇ ಬಕ್ 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಭಾರತ ತಂಡದ ವ್ಯವಸ್ಥಾಪಕರಾಗಿ ಹೋದರು. ಎರಡೂ ಕೆಲಸ ಅವರಿಗೆ ಗೊತ್ತಿತ್ತು, ಒಂದನ್ನು ಇನ್ನೊಂದರ ಜೊತೆ ಬೆರೆಸಲಿಲ್ಲ.

ಲ್ಯಾಬ್ ಯಾಕೆ ಎಂಬ ಪ್ರಶ್ನೆಯೇ ನನಗೆ ಹೆಚ್ಚು ನೋವು ಕೊಡುವುದು. ನಮ್ಮ ಪಠ್ಯದಲ್ಲಿ ಅಂಗರಚನೆ, ಶರೀರಕ್ರಿಯೆ, ಚಲನಶಾಸ್ತ್ರ, ಕ್ರೀಡಾ ಗಾಯಗಳ ಆರೈಕೆ, ಅಳತೆ ಮತ್ತು ಮೌಲ್ಯಮಾಪನ ಎಲ್ಲವೂ ಇವೆ. ಶಾಲಾ ಮಕ್ಕಳಿಗೆ ಈಗ ಖೇಲೋ ಇಂಡಿಯಾ ದೈಹಿಕ ಕ್ಷಮತೆ ಪರೀಕ್ಷೆ ನಡೆಸಬೇಕು: ಎತ್ತರ-ತೂಕದಿಂದ ಬಿ.ಎಂ.ಐ., 50 ಮೀಟರ್ ಓಟ, 600 ಮೀಟರ್ ಓಟ, ಕೂತು ಮುಂದೆ ಬಗ್ಗುವ ಪರೀಕ್ಷೆ. ಈ ಕೊನೆಯ ಪರೀಕ್ಷೆಯಲ್ಲಿ ಅಳತೆ ಪೆಟ್ಟಿಗೆಯ ಮುಂದೆ ಕೂತ ಮಗುವಿನ ಮೊಣಕಾಲು ಮೇಲೆದ್ದರೆ ಅಂಕಿ ಸುಳ್ಳಾಗುತ್ತದೆ; ಇದನ್ನು ಕೈಯಲ್ಲಿ ಮಾಡಿಯೇ ಕಲಿಯಬೇಕು. ಕೇಳುತ್ತಿರುವುದು ಕೋಟಿ ರೂಪಾಯಿಯ ಯಂತ್ರಗಳನ್ನಲ್ಲ. ಹಾರ್ವರ್ಡ್ ಸ್ಟೆಪ್ ಟೆಸ್ಟಿಗೆ 20 ಅಂಗುಲ ಎತ್ತರದ ಬೆಂಚು ಬೇಕು, ಊರಿನ ಬಡಗಿ ಮಾಡಿಕೊಡುತ್ತಾನೆ. ನಿಮಿಷಕ್ಕೆ 30ರಂತೆ ಐದು ನಿಮಿಷ ಹತ್ತಿ ಇಳಿದು, ನಾಡಿ ಎಣಿಸಿ, ಹೃದಯ ಎಷ್ಟು ಬೇಗ ಸಮಸ್ಥಿತಿಗೆ ಬರುತ್ತದೆ ಎಂದು ಬರೆದುಕೊಂಡವನಿಗೆ ಬಿಸಿಲಲ್ಲಿ ಮಕ್ಕಳನ್ನು ಎಷ್ಟು ಓಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಅಂದಾಜು ಬರುತ್ತದೆ. ಅದರ ಜೊತೆಗೆ ಬಿ.ಪಿ. ಯಂತ್ರ, ಸ್ಪೈರೊಮೀಟರ್, ಚರ್ಮದಡಿಯ ಕೊಬ್ಬು ಅಳೆಯುವ ಕ್ಯಾಲಿಪರ್, ಒಂದು ಅಸ್ಥಿಪಂಜರದ ಮಾದರಿ. ಇಷ್ಟಕ್ಕೆ ಬೀಗ ಹಾಕುವ ಒಂದು ಕೋಣೆ ಬೇಕು.

ಇನ್ನೊಂದು ವಾದ ನಮ್ಮ ಹಿತೈಷಿಗಳಿಂದಲೇ ಬರುತ್ತದೆ. ಸಿಂಥೆಟಿಕ್ ಟ್ರ್ಯಾಕ್ ಒಂದು ಬಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಟ್ರ್ಯಾಕ್ ಬರಲಿ, ನಾನು ಬೇಡ ಎನ್ನುವುದಿಲ್ಲ. ಮೂಡುಬಿದಿರೆಯ ಸ್ವರಾಜ್ ಮೈದಾನದಂಥ ಟ್ರ್ಯಾಕಿನಲ್ಲಿ ಓಡುವ ಮಕ್ಕಳನ್ನು ನೋಡಿದರೆ ಯಾರಿಗೂ ಆಸೆಯಾಗುತ್ತದೆ. ಆದರೆ ಕೋಟಿಗಟ್ಟಲೆ ಸುರಿದು ಹಾಕಿದ ಟ್ರ್ಯಾಕಿಗೆ ಬೇಲಿ, ಬೀಗ, ಕಾವಲು ಬರುತ್ತವೆ. ಕೆಲವು ವರ್ಷಗಳಲ್ಲಿ ಮೇಲ್ಪದರ ಬದಲಿಸುವ ಖರ್ಚು ಬರುತ್ತದೆ. ಅದರ ಮೇಲೆ ಗೆರೆ ಹಾಕಲು ಕಲಿಯುವಂತಿಲ್ಲ. 27ಕ್ಕೆ 16 ಮೀಟರಿನ ಖೋ ಖೋ ಅಂಕಣಕ್ಕೆ, 18ಕ್ಕೆ 9ರ ವಾಲಿಬಾಲ್ ಅಂಕಣಕ್ಕೆ ಅದರಿಂದ ಏನೂ ಸಿಗುವುದಿಲ್ಲ.

ಒಳಾಂಗಣ ಐಷಾರಾಮ ಎನ್ನುವವರು ಮಳೆಗಾಲದಲ್ಲಿ ಮಲೆನಾಡಿನ, ಕರಾವಳಿಯ ಯಾವುದಾದರೂ ವಿಭಾಗಕ್ಕೆ ಬಂದು ನೋಡಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಮ್ನಾಸ್ಟಿಕ್ಸ್, ಯೋಗ, ಕಬಡ್ಡಿ ಎಲ್ಲವೂ ವರಾಂಡಕ್ಕೆ ಸರಿಯುತ್ತವೆ. ಕಬಡ್ಡಿಯ ದೊಡ್ಡ ಪಂದ್ಯಗಳು ಮಣ್ಣಿನಿಂದ ಮ್ಯಾಟಿಗೆ ಹೋಗಿ ವರ್ಷಗಳಾದವು. ಮ್ಯಾಟ್ ಹಾಸಲು ಸೂರು ಬೇಕು. ಹೆಣ್ಣುಮಕ್ಕಳ ಮಾತು ಇನ್ನೂ ಮುಖ್ಯ. ಬಟ್ಟೆ ಬದಲಿಸಲು ಕೋಣೆ ಇಲ್ಲ, ಮೈದಾನದ ಹತ್ತಿರ ಶೌಚಾಲಯ ಇಲ್ಲ ಎಂಬ ಕಾರಣಕ್ಕೆ ನೀರು ಕುಡಿಯದೆ ಅಭ್ಯಾಸ ಮಾಡುವ ವಿದ್ಯಾರ್ಥಿನಿಯರು ನಮ್ಮಲ್ಲಿದ್ದಾರೆ. ದೇಹಕ್ಕೆ ನೀರು ಎಷ್ಟು ಮುಖ್ಯ ಎಂದು ಅವರಿಗೇ ಮಧ್ಯಾಹ್ನ ಪಾಠ ಮಾಡುವಾಗ ನನಗೆ ನಾಚಿಕೆಯಾಗುತ್ತದೆ.

ಹಣ ಎಲ್ಲಿದೆ ಎಂಬುದು ಕೊನೆಯ ಪ್ರಶ್ನೆ; ಅದಕ್ಕೂ ಉತ್ತರ ಇದೆ. ಎಲ್ಲವನ್ನೂ ಈ ವರ್ಷವೇ ಕೊಡಿ ಎಂದು ಯಾರೂ ಕೇಳಿಲ್ಲ. ಮೊದಲು ಶೌಚಾಲಯ ಮತ್ತು ಬಟ್ಟೆ ಬದಲಿಸುವ ಕೋಣೆ. ಆಮೇಲೆ ಎಸೆತದ ಪಂಜರ ಮತ್ತು ಎರಡು ಮ್ಯಾಟ್. ಮುಂದಿನ ಬಜೆಟ್ಟಿನಲ್ಲಿ ಪ್ರಯೋಗಾಲಯ, ಅದರ ಮುಂದಿನದರಲ್ಲಿ ಒಳಾಂಗಣಕ್ಕೆ ತಳಪಾಯ. ಇವೆಲ್ಲಕ್ಕಿಂತ ಮುಂಚೆ ಕುಲಸಚಿವರ ಕಚೇರಿಯಿಂದ ಒಂದು ಆದೇಶ ಹೊರಡಲಿ: ತರಗತಿ ನಡೆಯುವ ದಿನಗಳಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕರಿಂದ ಆರು ಮೈದಾನ ವಿಭಾಗದ್ದು, ವಿಭಾಗದ ಮುಖ್ಯಸ್ಥರ ಲಿಖಿತ ಒಪ್ಪಿಗೆ ಇಲ್ಲದೆ ಯಾವ ಸಮಾರಂಭಕ್ಕೂ ಕೊಡುವಂತಿಲ್ಲ, ಕೊಟ್ಟರೆ ನೆಲ ಸರಿಮಾಡುವ ಖರ್ಚು ಸಮಾರಂಭ ನಡೆಸಿದವರದು. ಈ ಆದೇಶಕ್ಕೆ ಒಂದು ಪೈಸೆಯೂ ಖರ್ಚಾಗುವುದಿಲ್ಲ, ಮುಂದಿನ ಸಿಂಡಿಕೇಟ್ ಸಭೆಯ ಕಾರ್ಯಸೂಚಿಯಲ್ಲೇ ಸೇರಿಸಬಹುದು.