ಸೊಸೆಯ ದಿನಗಳ ಲೆಕ್ಕ

ಕಳೆದ ರಂಜಾನ್ ಮುಗಿದ ಮೇಲೆ ನಮ್ಮ ಮನೆಯಲ್ಲಿ ಒಂದು ಮಾತು ಎದ್ದಿತು. ದಮ್ಮಾಮಿನಲ್ಲಿ ಕೆಲಸದಲ್ಲಿರುವ ಮಗ ಫೋನ್ ಮಾಡಿ, "ಉಪ್ಪ, ಈ ಸಲದ ರಜೆಯಲ್ಲಿ ಹತ್ತು ದಿನ ಅವಳನ್ನು ಕರೆದುಕೊಂಡು ಯೂರೋಪ್ ನೋಡಿ ಬರ್ತೇನೆ. ಆಮೇಲೆ ಇಬ್ಬರೂ ಊರಿಗೆ ಬರ್ತೇವೆ" ಎಂದ. ಅವನ ಉಮ್ಮ ಪಕ್ಕದಲ್ಲೇ ಕೂತಿದ್ದಳು. ಏನೂ ಹೇಳದೆ ಎದ್ದು ಅಡುಗೆ ಮನೆಗೆ ಹೋದಳು. ರಾತ್ರಿ ಊಟಕ್ಕೆ ಬಡಿಸುವಾಗ ಒಂದೇ ಮಾತು: "ಆ ದುಡ್ಡಲ್ಲಿ ನಮ್ಮಿಬ್ಬರ ಉಮ್ರಾ ಆಗ್ತಿತ್ತು." ಸೊಸೆ ತಟ್ಟೆಯಿಂದ ತಲೆ ಎತ್ತಲಿಲ್ಲ.

ಈ ಮಾತು ನಮ್ಮ ಮನೆಯದು ಮಾತ್ರ ಅಲ್ಲ ಎಂದು ನನಗೆ ಗೊತ್ತು. ಮದುವೆಯಾಗಿ ಎರಡು ಮೂರು ವರ್ಷವಾದ ಜೋಡಿಗಳು ಈಗ ಪ್ಯಾರಿಸ್, ರೋಮ್ ಎಂದು ಹೊರಡುತ್ತಿವೆ. ಹಿರಿಯರಿಗೆ ಅದು ದುಂದು ಎಂದು ಕಾಣುತ್ತದೆ. ಮಕ್ಕಳಿಗೆ ಅದು ಬದುಕು ಎಂದು ಕಾಣುತ್ತದೆ. ಯಾರ ಕಡೆ ನಿಲ್ಲಬೇಕು? ಇದೇ ಪ್ರಶ್ನೆಗೆ ಒಂದು ವರ್ಷದ ಹಿಂದೆ ನಾನು ಬೇರೆಯವರ ಮನೆಯಲ್ಲಿ ಕೂತು ತೀರ್ಪು ಕೊಟ್ಟಿದ್ದೆ. ಆ ತೀರ್ಪು ತಪ್ಪಿತ್ತು ಎಂದು ಈಗ ಅನಿಸುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಮನೆ ಇರುವುದು ಆಂಧ್ರದ ಅನಂತಪುರ ಜಿಲ್ಲೆಯ ರಾಯದುರ್ಗದಲ್ಲಿ. ನಮ್ಮ ಸಣ್ಣ ಬಟ್ಟೆ ಅಂಗಡಿಗೆ ಇಪ್ಪತ್ತು ವರ್ಷಗಳಿಂದ ಜೀನ್ಸ್ ಪ್ಯಾಂಟ್ ಬರುವುದು ಅಲ್ಲಿಂದ. ಬೆಟ್ಟದ ಮೇಲೆ ಹಳೆಯ ಕೋಟೆ, ಕೆಳಗೆ ಓಣಿಗಳಲ್ಲಿ ಹೊಲಿಗೆ ಮೆಷಿನಿನ ಸದ್ದು. ಅಂಗಡಿಯ ಬೋರ್ಡು ತೆಲುಗಿನಲ್ಲಿರುತ್ತದೆ, ಒಳಗೆ ಹೋದರೆ ಕನ್ನಡದಲ್ಲಿ ಮಾತಾಡಿಸುತ್ತಾರೆ. ರಾಯದುರ್ಗ ಮೊದಲು ಬಳ್ಳಾರಿ ಜಿಲ್ಲೆಯ ತಾಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದವಾನಿ, ಆಲೂರು, ರಾಯದುರ್ಗ ಮೂರೂ ತಾಲೂಕು ಆ ಕಡೆ ಹೋದವು, ಬಳ್ಳಾರಿ ಈ ಕಡೆ ಬಂತು. ಗಡಿ ಬದಲಾಯಿತು, ಮನೆಯೊಳಗಿನ ಮಾತು ಬದಲಾಗಲಿಲ್ಲ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಮದ್ರಸದಲ್ಲಿ ಅರಬಿ ಎಂದು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಸರಕು ತರುವ ಆ ಮನೆಯವರದು ಕನ್ನಡ ಮನೆಮಾತು. ಮಗ ಅಪ್ಪನ ಜೊತೆ ವ್ಯಾಪಾರ ನೋಡಿಕೊಳ್ಳುತ್ತಾನೆ. ಸೊಸೆ ಮಡಕಶಿರಾ ಕಡೆಯವಳು. ಮಡಕಶಿರಾ ಎಂದರೆ ಅದೇ ಹಳೆಯ ಅನಂತಪುರ ಜಿಲ್ಲೆಯ ದಕ್ಷಿಣದ ತುದಿ. ಮೂರು ಕಡೆಯಲ್ಲೂ ಕರ್ನಾಟಕ ಸುತ್ತಿಕೊಂಡಿದೆ. 2022ರಲ್ಲಿ ಅದನ್ನು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಿದ್ದಾರೆ. ಆ ಹುಡುಗಿ ಕನ್ನಡ ಶಾಲೆಯಲ್ಲಿ ಓದಿದವಳು.

ನಾನು ಹೋದ ದಿನ ಆ ಮನೆಯಲ್ಲಿ ದೊಡ್ಡ ಚರ್ಚೆ. ಗಂಡ ಹೆಂಡತಿ ಹನ್ನೆರಡು ದಿನ ಯೂರೋಪಿಗೆ ಹೊರಟಿದ್ದರು. ಇಬ್ಬರಿಗೂ ಸೇರಿ ಐದು ಲಕ್ಷದ ಹತ್ತಿರ. "ಅಷ್ಟರಲ್ಲಿ ಹೊಸ ಮೆಷಿನ್ ಬರ್ತಿದ್ವು" ಎಂದರು ಅಪ್ಪ. "ನಾನು ಕಾಶಿಗೆ ಹೋಗ್ಬೇಕು ಅಂತ ಹೇಳಿ ಎಷ್ಟು ವರ್ಷ ಆಯ್ತು" ಎಂದರು ಅಮ್ಮ. ಹುಡುಗನ ದೊಡ್ಡಪ್ಪ ನಕ್ಕು, "ಮೊದಲು ನಮ್ಮೂರ ಕೋಟೆ ಹತ್ತಿ ಇಳಿಯಿರಿ, ಮಡಕಶಿರಾ ಕಡೆ ಹೇಮಾವತಿ ನೋಡ್ರಿ, ಆಮೇಲೆ ಪ್ಯಾರಿಸ್" ಎಂದರು. ಕೊನೆಗೆ ನನ್ನ ಕಡೆ ತಿರುಗಿ, "ನೀವೇ ಹೇಳ್ರಿ ಭಾಯ್" ಎಂದರು. ಚಹಾ ಕುಡಿದು ಕೂತಿದ್ದ ನಾನು ಹಿರಿಯರ ಕಡೆ ಮಾತಾಡಿದೆ. "ಊರು ನೋಡದವರಿಗೆ ಯೂರೋಪ್ ಯಾಕೆ" ಎಂದೆ. ಎಲ್ಲರೂ ತಲೆದೂಗಿದರು. ಆ ಹುಡುಗಿ ಮಾತ್ರ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅವರು ಹೋಗಿ ಬಂದರು. ಮೂರು ತಿಂಗಳ ನಂತರ ನಾನು ಸರಕಿಗೆ ಹೋದಾಗ ಅವಳೇ ಫೋನಿನಲ್ಲಿ ಫೋಟೋ ತೋರಿಸಿದಳು. ಆಮ್‌ಸ್ಟರ್‌ಡ್ಯಾಮ್, ಬ್ರಸೆಲ್ಸ್, ಪ್ಯಾರಿಸ್, ಲುಸೆರ್ನ್, ವೆನಿಸ್, ರೋಮ್. ಐಫೆಲ್ ಟವರಿನ ಫೋಟೋ ಬೇಗ ಬೇಗ ಸರಿಸಿದಳು. ಬ್ರಸೆಲ್ಸಿನ ಒಂದು ಬೀದಿಯ ಬೋರ್ಡಿನ ಹತ್ತಿರ ನಿಂತಳು. "ನೋಡಿ ಅಂಕಲ್, ಒಂದೇ ಬೀದಿಗೆ ಎರಡು ಭಾಷೆಯಲ್ಲಿ ಹೆಸರು. ಒಂದು ಫ್ರೆಂಚು, ಒಂದು ಡಚ್ಚು. ನಮ್ಮ ಕಡೆಗೂ ಹೀಗೆ ಬರೆದಿದ್ರೆ ಏನಾಗ್ತಿತ್ತು?" ಬೆಲ್ಜಿಯಂನವರೂ ಭಾಷೆಗಾಗಿ ಬಹಳ ಜಗಳವಾಡಿ, 1960ರ ದಶಕದಲ್ಲಿ ಕಾನೂನು ಮಾಡಿ ಭಾಷೆಯ ಗಡಿ ಹಾಕಿಕೊಂಡವರು. ರಾಜಧಾನಿಯನ್ನು ಮಾತ್ರ ಎರಡೂ ಭಾಷೆಗೆ ಬಿಟ್ಟರು. ಮಡಕಶಿರಾದ ಹುಡುಗಿಗೆ ಅದು ಯಾರೂ ಹೇಳಿಕೊಡದೆ ಅರ್ಥವಾಯಿತು. ಅಲ್ಲಿಂದ ಬಸ್ಸಿನಲ್ಲಿ ಪ್ಯಾರಿಸಿಗೆ ಹೋಗುವಾಗ ದೇಶ ಬದಲಾದದ್ದು ತಿಳಿದದ್ದು ಫೋನಿಗೆ ಮೆಸೇಜ್ ಬಂದಾಗಲಂತೆ. ಗಡಿಯಲ್ಲಿ ಯಾರೂ ತಡೆಯಲಿಲ್ಲ. "ತುಮಕೂರಿನಿಂದ ಮಡಕಶಿರಾ ಮೇಲೆ ರಾಯದುರ್ಗಕ್ಕೆ ರೈಲು ಹಳಿ ಹಾಕ್ತಾ ಹಾಕ್ತಾ ಎಷ್ಟು ವರ್ಷ ಆಯ್ತು ಅಂಕಲ್. ನನ್ನ ತವರಿಗೆ ರೈಲು ಬರೋದರೊಳಗೆ ಇನ್ನೊಂದು ಸಲ ಅಲ್ಲಿಗೆ ಹೋಗಿ ಬರಬಹುದು" ಎಂದು ನಕ್ಕಳು.

ಎಲ್ಲದರಲ್ಲಿ ಯಾವುದು ಚಂದ ಇತ್ತಮ್ಮ ಎಂದು ಕೇಳಿದೆ. ಲುಸೆರ್ನ್ ಎಂದಳು. ಅಲ್ಲಿ ನೂರಾರು ವರ್ಷದ ಒಂದು ಮರದ ಸೇತುವೆ ಇದೆ. 1993ರಲ್ಲಿ ಬೆಂಕಿಗೆ ಬಹುಪಾಲು ಸುಟ್ಟುಹೋಗಿತ್ತು, ಮರುವರ್ಷವೇ ಕಟ್ಟಿ ನಿಲ್ಲಿಸಿದರು. ಅವಳಿಗೆ ಚಂದ ಕಂಡದ್ದು ಸೇತುವೆ ಅಲ್ಲ. ಆ ಸಂಜೆ ಕೆರೆಯ ಪಕ್ಕದ ಬೆಂಚಿನಲ್ಲಿ ಗಂಡನ ಜೊತೆ ಎರಡು ಗಂಟೆ ಸುಮ್ಮನೆ ಕೂತಿದ್ದಳಂತೆ. "ಯಾರೂ ಕರೀಲಿಲ್ಲ ಅಂಕಲ್. ಮದುವೆ ಆದ ಮೇಲೆ ನಾವಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು."

ಮಂಗಳೂರಿಗೆ ಮರಳುವಾಗ ರಾತ್ರಿ ಬಸ್ಸಿನಲ್ಲಿ ಆ ಮಾತು ನನ್ನನ್ನು ಮಲಗಲು ಬಿಡಲಿಲ್ಲ. ನನ್ನ ಸೊಸೆಯ ಲೆಕ್ಕ ಹಾಕಿದೆ. ಮದುವೆಯಾಗಿ ನಾಲ್ಕು ವರ್ಷ. ಮದುವೆಯ ರಜೆ ಸೇರಿ ಮಗ ಊರಿಗೆ ಬಂದದ್ದು ನಾಲ್ಕು ಸಲ, ಒಟ್ಟು 155 ದಿನ. ಅದರಲ್ಲಿ ಮದುವೆ, ನಿಕಾಹ್, ಮನೆ ಒಕ್ಕಲು, ಆಸ್ಪತ್ರೆಯಲ್ಲಿರುವವರನ್ನು ನೋಡುವುದು, ನೆಂಟರ ಮನೆಯ ಊಟ, ಬ್ಯಾಂಕು, ನಮ್ಮ ಅಂಗಡಿಯ ಕೆಲಸ. ಬಂದ ಮಗ ನಮ್ಮೆಲ್ಲರಿಗೆ ಸೇರಿದವ. ನಾವೆಲ್ಲರೂ ಪಾಲು ತೆಗೆದುಕೊಂಡು ಉಳಿದದ್ದು ಅವಳಿಗೆ. ಅವರಿಬ್ಬರೇ ಇದ್ದ ದಿನ ಎಣಿಸಿದರೆ ಎರಡು ಕೈಯ ಬೆರಳು ಸಾಕು.

ನಾವು ಬ್ಯಾರಿಗಳು ವ್ಯಾಪಾರದವರು, ಲೆಕ್ಕದಲ್ಲಿ ಹಿಂದೆ ಬಿದ್ದವರಲ್ಲ. ಗಲ್ಫಿನಿಂದ ಬಂದ ದುಡ್ಡಿನ ಲೆಕ್ಕ ನಮ್ಮಲ್ಲಿ ಪಕ್ಕಾ ಇದೆ. ತಂಗಿಯ ಮದುವೆಗೆ ಎಷ್ಟು, ಮನೆಯ ಸ್ಲ್ಯಾಬಿಗೆ ಎಷ್ಟು, ಸಾಲಕ್ಕೆ ಎಷ್ಟು ಎಂದು ಎಲ್ಲರಿಗೂ ಗೊತ್ತು. ಆ ದುಡ್ಡಿಗಾಗಿ ಊರಿನಲ್ಲಿ ಕಾದು ಕೂತ ಹೆಣ್ಣುಮಗಳ ದಿನಗಳ ಲೆಕ್ಕವನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಆದ್ದರಿಂದ ಹತ್ತು ದಿನದ ಪ್ರವಾಸವನ್ನು ದುಂದು ಎಂದು ಹೇಳುವ ಮೊದಲು ಆ ಪುಸ್ತಕವನ್ನೂ ಒಮ್ಮೆ ತೆರೆಯಬೇಕು. ಪ್ರಯಾಣದಲ್ಲಿ ಪ್ರವಾದಿಯವರು (ಸ) ತಮ್ಮ ಪತ್ನಿ ಆಯಿಶಾ (ರ) ಅವರ ಜೊತೆ ಓಟದ ಪಂದ್ಯ ಮಾಡಿದ್ದು ಹದೀಸಿನಲ್ಲಿದೆ. ಗಂಡ ಹೆಂಡತಿಯ ನಲಿವು ನಮ್ಮ ದೀನಿನಲ್ಲಿ ತಮಾಷೆಯ ವಿಷಯ ಅಲ್ಲ.

ಹಾಗೆಂದು ಹಿರಿಯರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಸಾಲ ಮಾಡಿ ಹೋಗುವ ಪ್ರವಾಸ ನನಗೂ ಇಷ್ಟವಿಲ್ಲ. ಹತ್ತು ದಿನ ನೋಡಿದ್ದಕ್ಕೆ ಎರಡು ವರ್ಷ ಕಂತು ಕಟ್ಟಬೇಕಾದರೆ, ಆ ಎರಡು ವರ್ಷ ಮಗ ರಜೆ ಬಿಟ್ಟು ಓವರ್‌ಟೈಮ್ ಮಾಡಬೇಕು. ಕೂಡಿ ಇರಲೆಂದು ಹೋದ ಪ್ರವಾಸವೇ ಮತ್ತೆ ದೂರ ಮಾಡುತ್ತದೆ. ಉಮ್ಮನ ಉಮ್ರಾದ ಆಸೆಯೂ ಸಣ್ಣದಲ್ಲ. ಅದಕ್ಕೆ ಬೇರೆ ದುಡ್ಡು ಕೂಡಿಡಬೇಕು. ಆ ಭಾರ ಪೂರ್ತಿ ಮಗನ ಮೇಲೆ ಹಾಕುವ ಬದಲು ಅಂಗಡಿ ನಡೆಸುವ ನಾನೂ ಹೊರಬೇಕು.

ಹೋಗುವವರಿಗೂ ಒಂದೆರಡು ಮಾತು. ಹತ್ತು ದಿನದಲ್ಲಿ ಏಳು ಊರು ಬೇಡ. ರಾಯದುರ್ಗದ ಜೋಡಿ ದಿನದ ಅರ್ಧ ಬಸ್ಸಿನಲ್ಲೇ ಕಳೆದಿತ್ತು. ಎರಡು ಊರು ಸಾಕು, ನಿಧಾನ ನೋಡಿ. ಷೆಂಗೆನ್ ವೀಸಾಕ್ಕೆ 2024ರ ಜೂನ್‌ನಿಂದ ದೊಡ್ಡವರಿಗೆ ತಲಾ 90 ಯೂರೋ ಶುಲ್ಕ. ವೀಸಾ ಸಿಗದಿದ್ದರೆ ಆ ದುಡ್ಡು ವಾಪಸ್ ಬರುವುದಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ. ಗಲ್ಫಿನಲ್ಲಿರುವ ಗಂಡ ಅಲ್ಲಿಂದ, ಊರಿನಲ್ಲಿರುವ ಹೆಂಡತಿ ಇಲ್ಲಿಂದ ಬೇರೆ ಬೇರೆ ಅರ್ಜಿ ಹಾಕಬೇಕಾಗುತ್ತದೆ. ಇಬ್ಬರ ಕಾಗದದಲ್ಲೂ ತಾರೀಕು, ಹೋಟೆಲು ಒಂದೇ ಇರಲಿ. ಎಲ್ಲವನ್ನೂ ಏಜೆಂಟನ ಕೈಗೆ ಕೊಟ್ಟು ಕೂರಬೇಡಿ. ಮುಖ್ಯವಾಗಿ, ಅವಳ ಕಾಗದವನ್ನು ಅವಳೇ ಓದಿ ತಿಳಿದುಕೊಳ್ಳಲಿ.

ಎಲ್ಲಿಗೆ ಎಂದು ನನ್ನನ್ನು ಕೇಳಿದರೆ ಸ್ಪೇನಿನ ಕಾರ್ಡೋಬಾ, ಗ್ರನಾಡಾ ಎನ್ನುತ್ತೇನೆ. ಕಾರ್ಡೋಬಾದ ದೊಡ್ಡ ಮಸೀದಿ 1236ರಿಂದ ಇಗರ್ಜಿಯಾಗಿದೆ, ಆದರೆ ಕಂಬ ಕಮಾನುಗಳ ಆ ಸಾಲು ಹಾಗೇ ಇದೆ. ಗ್ರನಾಡಾದಲ್ಲಿ ಅಲ್‌ಹಂಬ್ರಾ ಅರಮನೆ ಇದೆ. ಹದಿನಾಲ್ಕನೇ ಶತಮಾನದಲ್ಲಿ ನಮ್ಮ ಮಂಗಳೂರಿಗೆ ಬಂದು, ಇಲ್ಲಿಯ ಮುಸ್ಲಿಮರ ಬಗ್ಗೆ ಬರೆದ ಇಬ್ನ್ ಬತೂತ ಆಮೇಲೆ ಗ್ರನಾಡಾವನ್ನೂ ನೋಡಿದವ. ಆರುನೂರಕ್ಕೂ ಹೆಚ್ಚು ವರ್ಷದ ಹಿಂದೆ ಒಬ್ಬ ಮನುಷ್ಯ ಎರಡೂ ಊರು ನೋಡಿದ್ದ. ಈಗ ನಮ್ಮ ಮಕ್ಕಳು ನೋಡಿದರೆ ಆಶ್ಚರ್ಯ ಪಡುವಂಥದ್ದು ಏನಿದೆ?

ಇನ್ನು, "ಊರು ನೋಡದವರಿಗೆ ಯೂರೋಪ್ ಯಾಕೆ" ಎಂಬ ನನ್ನ ಮಾತು. ಅದನ್ನು ನಾನು ವಾಪಸ್ ತೆಗೆದುಕೊಳ್ಳುತ್ತೇನೆ. ಹೇಮಾವತಿ ನೋಡಬೇಕಾದ ಊರೇ. ಒಂಬತ್ತು, ಹತ್ತನೇ ಶತಮಾನದಲ್ಲಿ ಹೆಂಜೇರು ಎಂಬ ಹೆಸರಿನಲ್ಲಿ ನೊಳಂಬ ಅರಸರ ರಾಜಧಾನಿಯಾಗಿತ್ತು. ನೊಳಂಬರ ಕೆತ್ತನೆಯ ಕಂಬಗಳನ್ನು ಚೋಳರ ಕಾಲದಲ್ಲಿ ಒಯ್ದದ್ದು ಇಂದಿಗೂ ತಮಿಳುನಾಡಿನ ತಿರುವೈಯಾರಿನಲ್ಲಿವೆ. ಹೇಮಾವತಿಯ ಶಿಲ್ಪಗಳು ಚೆನ್ನೈ ಮ್ಯೂಸಿಯಮ್ಮಿನಲ್ಲೂ ಇವೆ. ಆದರೆ ಹೇಮಾವತಿ ನೋಡಿ ಎಂದು ಹೇಳಿದ ಆ ದೊಡ್ಡಪ್ಪ ತನ್ನ ಹೆಂಡತಿಯನ್ನು ಅಲ್ಲಿಗೆ ಕರೆದುಕೊಂಡು ಹೋದವರಲ್ಲ. ಆ ಹುಡುಗಿಯನ್ನು ಕರೆದುಕೊಂಡು ಹೋದದ್ದು ಅವಳ ಶಾಲೆ ಮಾತ್ರ. ಅಂದರೆ ಆ ಮಾತು ಯಾರನ್ನೂ ಹೇಮಾವತಿಗೆ ಕಳಿಸುವುದಿಲ್ಲ. ಹೊರಟವರನ್ನು ಬಾಗಿಲಲ್ಲಿ ತಡೆಯುತ್ತದೆ, ಅಷ್ಟೇ.

ದೊಡ್ಡಪ್ಪನ ಕಡೆ ಬೆರಳು ತೋರಿಸಿ ನಾನು ಪಾರಾಗುವಂತಿಲ್ಲ. ಇಪ್ಪತ್ತು ವರ್ಷದಲ್ಲಿ ಎಷ್ಟೋ ಸಲ ರಾಯದುರ್ಗಕ್ಕೆ ಹೋದೆ. ಅಂಗಡಿ ಶುರುವಾದ ಹೊಸದರಲ್ಲಿ ನನ್ನ ಮನೆಯವಳು, "ಬೆಟ್ಟದ ಮೇಲೆ ಕೋಟೆ ಇದೆ ಅಂತೀರಲ್ಲ, ಒಂದು ಸಲ ನಾನೂ ಬರ್ಲಾ?" ಎಂದು ಕೇಳಿದ್ದಳು. ವ್ಯಾಪಾರಕ್ಕೆ ಹೋಗುವಲ್ಲಿ ಹೆಂಗಸರು ಯಾಕೆ ಎಂದಿದ್ದೆ. ಅವಳು ಮತ್ತೆ ಕೇಳಲಿಲ್ಲ. ಮಗನ ಫೋನ್ ಬಂದ ರಾತ್ರಿ ಅವಳಿಗೆ ನೋವಾದದ್ದು ಐದು ಲಕ್ಷಕ್ಕೆ ಎಂದು ನಾನು ತಿಳಿದಿದ್ದೆ. ತನ್ನನ್ನು ಯಾರೂ ಎಲ್ಲಿಗೂ ಕರೆಯಲಿಲ್ಲ ಎಂಬುದಕ್ಕೂ ಇರಬಹುದು ಎಂದು ಈಗ ಅನಿಸುತ್ತದೆ. ಅತ್ತೆಗೆ ಸಿಗದ್ದು ಸೊಸೆಗೆ ಸಿಕ್ಕಿದಾಗ ಆಗುವ ನೋವಿಗೆ ಅತ್ತೆಯನ್ನು ಬೈದು ಪ್ರಯೋಜನವಿಲ್ಲ. ತಪ್ಪಿದ್ದರೆ ಅದು ಕರೆದುಕೊಂಡು ಹೋಗದ ಗಂಡನದು.

ಮೊನ್ನೆ ಅವಳಿಗೆ ಎರಡು ಮಾತು ಹೇಳಿದೆ. ಉಮ್ರಾದ ದುಡ್ಡನ್ನು ಅಂಗಡಿಯಿಂದ ತಿಂಗಳು ತಿಂಗಳು ತೆಗೆದಿಡುತ್ತೇನೆ, ಇನ್ಶಾ ಅಲ್ಲಾಹ್ ಮುಂದಿನ ವರ್ಷ ಹೋಗೋಣ. ಅದಕ್ಕೆ ಮೊದಲು, ಮುಂದಿನ ಸಲ ಸರಕಿಗೆ ಹೋಗುವಾಗ ನೀನೂ ಬಾ, ಕೋಟೆ ಹತ್ತೋಣ, ಹಾಗೇ ಹೇಮಾವತಿಯನ್ನೂ ನೋಡೋಣ. ಅವಳು ನಂಬಿದ ಹಾಗೆ ಕಾಣಲಿಲ್ಲ. "ಮೊಣಕಾಲು ನೋವು ಶುರುವಾದ ಮೇಲೆ ಕರೀತಿದ್ದೀರಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಸೊಸೆಯ ಹತ್ತಿರ, "ಅಲ್ಲಿ ಚಳಿ ಇರ್ತದಾ? ದಪ್ಪ ಶಾಲು ನನ್ನ ಹತ್ತಿರ ಒಂದಿದೆ" ಎಂದು ಕೇಳುವುದು ಕೇಳಿಸಿತು.

ನಿಮ್ಮ ಮನೆಯಲ್ಲೂ ಈ ಮಾತು ಎದ್ದಿದ್ದರೆ, ದುಡ್ಡಿನ ಲೆಕ್ಕದ ಪಕ್ಕದಲ್ಲಿ ಸೊಸೆಯ ದಿನಗಳ ಲೆಕ್ಕವನ್ನೂ ಬರೆಯಿರಿ. ಅತ್ತೆಯದನ್ನೂ ಬರೆಯಿರಿ. ಆಮೇಲೆ ತೀರ್ಪು ಕೊಡಿ.