ತಿರುವು ಬೇಡ, ಕಾರಣ ಕೊಡಿ



ಕಥೆ ಬರೆಯುವುದನ್ನು ಕಲಿಸುವ ಕಮ್ಮಟಗಳು ಈಗ ಹೆಚ್ಚಾಗಿವೆ. ಅಲ್ಲಿಗೆ ಹೋಗಿಬಂದ ನಿಮ್ಮಲ್ಲಿ ಕೆಲವರು ತಮ್ಮ ಕಥೆಯನ್ನು ನನ್ನ ಮುಂದಿಟ್ಟು ಕೇಳುವ ಮೊದಲ ಪ್ರಶ್ನೆ, "ಮೇಷ್ಟ್ರೇ, ಕೊನೆಯಲ್ಲಿ ತಿರುವು ಸಾಕೇ?" ಎಂಬುದು. ಈ ತಿರುವಿನ ವ್ಯಾಮೋಹವನ್ನು ಖಂಡಿಸದೆ ಇರಲಾರೆ. ಒಂದು ಘಟನೆಯ ಹೊಟ್ಟೆಯಿಂದ ಇನ್ನೊಂದು ಹುಟ್ಟುವಂತೆ ಕಾರಣಗಳನ್ನು ಹುಡುಕಿ ಜೋಡಿಸುವುದೇ ಕಥೆಯ ಯೋಜನೆ. ಓದುಗನನ್ನು ಬೆಚ್ಚಿಬೀಳಿಸುವುದು ಜಾತ್ರೆಯ ಗಾರುಡಿಗನ ಕಸುಬು.

ದೂರ ಹೋಗಬೇಕಾಗಿಲ್ಲ. ನಮ್ಮ ಸಂಪಿಗೆಯೇ ಹಂಸಧ್ವಜನ ಚಂಪಕಾಪುರವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಐತಿಹ್ಯ ಹಾಗಿರಲಿ, ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಸುಧನ್ವನ ಪ್ರಸಂಗವನ್ನು ನೋಡಿ. ಯುದ್ಧಕ್ಕೆ ತಡವಾಗಿ ಬಂದವರನ್ನು ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುವುದಾಗಿ ಅರಸನು ಮೊದಲೇ ಸಾರುತ್ತಾನೆ. ಹೊರಟು ನಿಂತ ಮಗನನ್ನು ಸೊಸೆ ಪ್ರಭಾವತಿ ಸಂತಾನಾಪೇಕ್ಷೆಯಿಂದ ತಡೆಯುತ್ತಾಳೆ. ತಂದೆಯ ಆಜ್ಞೆಯೂ ಧರ್ಮ, ಮಡದಿಯ ಕೋರಿಕೆಯೂ ಧರ್ಮ. ಎರಡರ ನಡುವೆ ಸುಧನ್ವನಿಗೆ ತಡವಾಗುತ್ತದೆ. ಅರಸನ ಕಟ್ಟಳೆ ಅರಸನ ಮಗನ ಮೇಲೆಯೇ ಎರಗುತ್ತದೆ. ಮಗ ತಡವಾಗಿ ಬಂದ ಮೇಲೆ ಶಿಕ್ಷೆಯನ್ನು ಸಾರಿದ್ದರೆ ಹಂಸಧ್ವಜ ಬರಿಯ ಕ್ರೂರಿಯಾಗುತ್ತಿದ್ದ, ಕಥೆ ಅಲ್ಲಿಯೇ ಸಾಯುತ್ತಿತ್ತು.

ಕೊನೆ ಗೊತ್ತಾದರೆ ಓದುವವರಾರು ಎನ್ನುತ್ತೀರಿ. ಕೊಡಗಿನ ಕೊನೆಯ ಅರಸ 1834ರಲ್ಲಿ ರಾಜ್ಯ ಕಳೆದುಕೊಂಡುದು ಇತಿಹಾಸ ಬಲ್ಲವರಿಗೆಲ್ಲ ತಿಳಿದಿದೆ. ಆದರೂ ಮಾಸ್ತಿಯವರ 'ಚಿಕವೀರರಾಜೇಂದ್ರ' (1956) ಹಿಡಿದರೆ ಕೆಳಗಿಡಲಾಗದು. ಏನಾಯಿತೆಂಬುದು ಗೊತ್ತು, ಹೇಗೆ ಹಾಗಾಯಿತೆಂಬುದೇ ಅಲ್ಲಿನ ಕುತೂಹಲ.

ಇನ್ನು ಕೆಲವರು, ಯೋಜನೆಯೇ ಬೇಡ, ಪಾತ್ರಗಳೇ ಕೈಹಿಡಿದು ನಡೆಸುತ್ತವೆ ಎನ್ನುತ್ತಾರೆ. ಇದು ಸೋಮಾರಿತನಕ್ಕೆ ತೊಡಿಸಿದ ಜರಿಪೇಟ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಗೆ ಒಬ್ಬ ನಾಯಕನೆಂಬುವನಿಲ್ಲ, ನಿಜ. ಆದರೆ ಗುತ್ತಿ, ತಿಮ್ಮಿ, ಐತ, ಪೀಂಚಲು, ಮುಕುಂದಯ್ಯ, ಚಿನ್ನಮ್ಮ ಮೊದಲಾದವರ ದಾರಿಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂದು ಗುರುತಿಟ್ಟುಕೊಂಡು ಓದಿ. ಅದು ತಾನೇ ತಾನಾಗಿ ಆದುದೆಂದು ಹೇಳುವ ಧೈರ್ಯ ನಿಮಗೆ ಬಾರದು.

ನನ್ನ ಸಿಟ್ಟಿಗೆ ಇನ್ನೂ ದೊಡ್ಡ ಕಾರಣವಿದೆ. ಈಚೆಗೆ ನಾನು ಓದಿದ ಹಲವು ಹಸ್ತಪ್ರತಿಗಳಲ್ಲಿ ನಮ್ಮ ಸೀಮೆಯ ರೈತ ಕೊನೆಯ ಪುಟದಲ್ಲಿ ನೇಣಿಗೆ ಕೊರಳೊಡ್ಡುತ್ತಾನೆ. ಕಥೆಗಾರನಿಗೆ ತಿರುವು ಬೇಕಿತ್ತು, ರೈತ ಸತ್ತ! 2023ರಲ್ಲಿ ಉಂಡೆಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಕುಸಿದುದನ್ನು ಕಂಡವರು ನಾವು. ಆ ಸಂಕಟವನ್ನು ಕಥೆಯ ಬಾಲಕ್ಕೆ ಕಟ್ಟುವ ಗೊಂಡೆ ಮಾಡಬೇಡಿ. ಅಟ್ಟಕ್ಕೇರಿಸಿದ ಕಾಯಿ ಕೊಬ್ಬರಿಯಾಗಲು ಸುಮಾರು ಒಂದು ವರ್ಷ ಬೇಕು. ಆ ವರ್ಷದೊಳಗೆ ಮಗಳ ಮದುವೆ ಬರುತ್ತದೆ, ಕೊಳವೆಬಾವಿ ಬತ್ತುತ್ತದೆ, ಮಂಡಿಯಿಂದ ಮುಂಗಡ ತಂದಾಗುತ್ತದೆ. ಅಟ್ಟದ ಮೇಲಿನ ಕಾಯಿ ಯಾವ ದಿನ ಸಾಲಗಾರನ ಕೈತಪ್ಪಿ ಸಾಲ ಕೊಟ್ಟವನದಾಯಿತು? ಕಥೆ ಇರುವುದು ಅಲ್ಲಿ.

ಭೈರಪ್ಪನವರ 'ಗೃಹಭಂಗ' (1970) ನಮ್ಮ ತಿಪಟೂರು ಸೀಮೆಯದೇ ಕಥೆ. ಅದರಲ್ಲಿ ಸಾವುಗಳು ಅನೇಕ, ತಿರುವಿಗಾಗಿ ಬಂದುದು ಒಂದೂ ಇಲ್ಲ. ಗಂಡನ ಹೊಣೆಗೇಡಿತನ, ಅತ್ತೆಯ ನಾಲಿಗೆ, ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಸಂಸಾರ ತೂಗಿಸುವ ನಂಜಮ್ಮನ ದುಡಿಮೆ, ಎಲ್ಲವೂ ಮೊದಲೇ ಕಣ್ಣ ಮುಂದಿವೆ. ಪ್ಲೇಗು ಎರಗುವ ಹೊತ್ತಿಗೆ ಆ ಮನೆ ಒಳಗಿನಿಂದಲೇ ಜೀರ್ಣವಾಗಿರುತ್ತದೆ.

ಆದುದರಿಂದ ನಮ್ಮವರ ಸಾವನ್ನು ಬರೆಯಹೊರಡುವ ಮೊದಲು, ಅವರು ಬದುಕಿದ ಆ ಒಂದು ವರ್ಷದ ಲೆಕ್ಕವನ್ನು ಬರೆಯಿರಿ. ಒಪ್ಪದವರು ಮನೆಗೆ ಬಂದು ಜಗಳವಾಡಬಹುದು. ಕಾಫಿಯಂತೂ ಇದ್ದೇ ಇದೆ.