ಹಾಡಿನ ಪೆಟ್ಟಿಗೆಗೆ ಬೀಗವೇಕೆ?

ಗಿಂಡಿ ನಮ್ಮದು, ನೀರು ನಮ್ಮದು, ಕುಡಿಯುವುದಕ್ಕೆ ಮಾತ್ರ ಪರರ ಅಪ್ಪಣೆ ಬೇಕು ಎಂದರೆ ಯಾರು ಒಪ್ಪಿಯಾರು? ಆದರೆ ಅಂಗೈಯೊಳಗಿನ ಹಾಡಿನ ಯಂತ್ರದ ವಿಷಯದಲ್ಲಿ ನಾವು ಬಹುಕಾಲ ಒಪ್ಪಿಕೊಂಡೇ ನಡೆದೆವು. 2001ರಲ್ಲಿ ಬಂದು 2022ರಲ್ಲಿ ಕೊನೆಗೊಂಡ ಐಪಾಡನ್ನೇ ನೋಡಿ. ಹಾಡುಗಳನ್ನು ಸುಮ್ಮನೆ ಅದರೊಳಗೆ ನಕಲಿಸಿದರೆ ಅದು ಹಾಡುತ್ತಿರಲಿಲ್ಲ; ಅದರದೇ ಯಾದಿಯಲ್ಲಿ ಅವು ದಾಖಲಾಗಬೇಕಿತ್ತು. 2007ರಲ್ಲಿ ಆ ಯಾದಿಗೆ ಗುಪ್ತ ಮುದ್ರೆಯನ್ನೂ ಒತ್ತಿದರು. ಲಿನಕ್ಸ್ ಬಳಗದವರು ಕೆಲವೇ ದಿನಗಳಲ್ಲಿ ಅದನ್ನು ಬಿಡಿಸಿದರೆಂಬುದು ಬೇರೆ ಮಾತು. ಬೀಗವೇ ಏಕಿತ್ತೆಂಬುದು ನನ್ನ ಪ್ರಶ್ನೆ.

ಇಳಕಲ್ಲಿನ ಹಿರಿಯ ನೇಕಾರರೊಬ್ಬರಿಗಾಗಿ ನಾನು ಈ ವಿಷಯದಲ್ಲಿ ತಲೆಹಾಕಬೇಕಾಯಿತು. ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಜೋಡಿಸುವ ಆ ಕಸುಬಿನಲ್ಲಿ ಕೈಗೆ ಬಿಡುವಿಲ್ಲ, ಕಣ್ಣಿಗೆ ಬಿಡುವಿಲ್ಲ, ಕಿವಿಯೊಂದೇ ಖಾಲಿ. ಅವರಿಗೆ ಬೇಕಾದದ್ದು ಬೀಳಗಿಯ ಅಮೀರ್‌ಬಾಯಿಯ ಹಾಡುಗಳು, ಜೊತೆಗೆ ಹನ್ನೊಂದು ಭಾಗಗಳ ಒಂದು ಪುರಾಣ ಪ್ರವಚನ. ಬಾಗಲಕೋಟೆಯಿಂದ ತರಿಸಿದ ಅಗ್ಗದ ಯಂತ್ರ. ನನ್ನ ಲಿನಕ್ಸ್ ಗಣಕಕ್ಕೆ ತಂತಿ ಸಿಕ್ಕಿಸಿದೊಡನೆ ಅದು ಪೆನ್‌ಡ್ರೈವಿನಂತೆ ತೆರೆದುಕೊಂಡಿತು, ಏನನ್ನೂ ಬೇಡಲಿಲ್ಲ. (ಕೆಲವು ಯಂತ್ರಗಳು ಎಂಟಿಪಿ ಎಂಬ ಬೇರೆ ಭಾಷೆಯನ್ನಾಡುತ್ತವೆ, ಅವಕ್ಕೆ ಲಿಬ್‌ಎಂಟಿಪಿ ಎಂಬ ದುಭಾಷಿ ಉಂಟು.)

ತೊಡಕು ಬಂದದ್ದು ಬೇರೆ ಕಡೆ. ಪ್ರವಚನದ ಏಳನೆಯ ಭಾಗ ಮೊದಲು, ಒಂದನೆಯದು ನಡುವೆ! ಶರಣರ ಮದುವೆಯಾದ ತರುವಾಯ ಅವರ ಜನನ. ಇಂಥ ಅಗ್ಗದ ಯಂತ್ರಗಳಲ್ಲಿ ಹಲವು ಕಡತದ ಹೆಸರನ್ನು ನೋಡುವುದಿಲ್ಲ; ಒಳಗಿನ ಪಟ್ಟಿಯಲ್ಲಿ ಯಾವುದು ಮೊದಲು ದಾಖಲಾಗಿದೆಯೋ ಅದನ್ನೇ ಮೊದಲು ನುಡಿಸುತ್ತವೆ. ಯಂತ್ರವನ್ನು ಅನ್‌ಮೌಂಟ್ ಮಾಡಿ, ಫ್ಯಾಟ್‌ಸಾರ್ಟ್ ಎಂಬ ಪುಟ್ಟ ಸಾಧನವನ್ನು ಓಡಿಸಿದರೆ ಆ ಪಟ್ಟಿ ಹೆಸರಿನ ಕ್ರಮಕ್ಕೆ ಬರುತ್ತದೆ. ಅಂಕೆಗಳನ್ನು 01, 02 ಎಂದೇ ಬರೆದಿರಬೇಕು. ಇಲ್ಲವಾದರೆ ಹತ್ತು ಎರಡಕ್ಕಿಂತ ಮುಂದೆ ನಿಂತೀತು.

ಇನ್ನು ಕನ್ನಡದ ಗತಿ. ಗಣಕದಲ್ಲಿ ಅಂದವಾಗಿ ಕಂಡ ಹೆಸರುಗಳು ಯಂತ್ರದ ಕಿರುಪರದೆಯಲ್ಲಿ ಬರಿಯ ಚೌಕಗಳಾದವು. ಅದರೊಳಗೆ ಕನ್ನಡದ ಅಕ್ಷರಗಳೇ ಇಲ್ಲ. ಲಿನಕ್ಸ್ ಇದಕ್ಕೆ ಏನೂ ಮಾಡಲಾರದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದೆ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ತ್ರಿಪದಿ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ನಿಂತಿದೆ. ಕಲ್ಲಿಗೆ ಬಂದ ಅಕ್ಷರ ಈ ಯಂತ್ರಕ್ಕೆ ಬಾರದಿರುವುದು ತಯಾರಕರ ಔದಾಸೀನ್ಯವೇ ಸರಿ. ಕೇಳದೆ ಕೊಳ್ಳುವ ನಮ್ಮದೂ ಅದರಲ್ಲಿ ಪಾಲಿದೆ. ಅಂಗಡಿಯಲ್ಲಿ ಬೆಲೆ ಕೇಳುವ ಮುನ್ನ ಕನ್ನಡದ ಹೆಸರೊಂದನ್ನು ತೋರಿಸಿರೆಂದು ಕೇಳುವುದು ವಿದ್ಯಾರ್ಥಿಗಳಿಂದಲೇ ಆರಂಭವಾಗಲಿ.

ಹುನಗುಂದದ ಶಿಕ್ಷಕ ಮಿತ್ರರೊಬ್ಬರು, ರೋಮನ್ ಲಿಪಿಯಲ್ಲಿ ಬರೆದುಬಿಡಿರೆಂದರು. ನೇಕಾರರಿಗೆ ಆ ಲಿಪಿ ಬಾರದು. ಅಂಕೆಗಳನ್ನಷ್ಟೇ ಇಟ್ಟು, ಯಾವ ಅಂಕೆಗೆ ಯಾವ ಹಾಡೆಂಬುದನ್ನು ಕಾಗದದ ಮೇಲೆ ಕನ್ನಡದಲ್ಲಿ ಬರೆದುಕೊಟ್ಟಿದ್ದೇನೆ.